ವಿಂಡೋಸ್ 11 ಬೇಡವೆಂದ ಕಂಪ್ಯೂಟರಿನ ಒಳಗೆ ಏನಿದೆ?

ದಾವಣಗೆರೆಯ ವಿದ್ಯಾನಗರದಲ್ಲೋ ಪಿ.ಜೆ. ಬಡಾವಣೆಯಲ್ಲೋ ಯಾವ ಮನೆ ಹೊಕ್ಕರೂ ಏಳೆಂಟು ವರ್ಷದ ಹಿಂದೆ ಜೋಡಿಸಿಕೊಟ್ಟ ಡೆಸ್ಕ್‌ಟಾಪ್ ಒಂದು ಮೂಲೆಯಲ್ಲಿ ಇದ್ದೇ ಇರುತ್ತದೆ. ಅಂಗಡಿ ಲೆಕ್ಕಕ್ಕೆ, ಪತ್ರ ಟೈಪು ಮಾಡುವುದಕ್ಕೆ ಅದೇನೂ ಸೋತಿಲ್ಲ. ಆದರೂ ವಿಂಡೋಸ್ 11 ಹಾಕಲು ಹೋದರೆ ‘ಈ ಕಂಪ್ಯೂಟರಿಗೆ ಅರ್ಹತೆಯಿಲ್ಲ’ ಎನ್ನುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂದ ಮಾತ್ರಕ್ಕೆ ಯಂತ್ರ ನಿಲ್ಲುವುದಿಲ್ಲ. ಹೊಸದಾಗಿ ಪತ್ತೆಯಾಗುವ ತೂತುಗಳಿಗೆ ತೇಪೆ ಬರುವುದು ನಿಲ್ಲುತ್ತದೆ, ಅಷ್ಟೆ. ಬ್ಯಾಂಕಿನ ವ್ಯವಹಾರ ಅದರಲ್ಲೇ ಮಾಡುವವರಿಗೆ ಆ ‘ಅಷ್ಟೆ’ ಸಣ್ಣದಲ್ಲ.

ಮೊದಲು ಪ್ರೊಸೆಸರ್ ಹೆಸರು ನೋಡಿ. ಇಂಟೆಲ್‌ನ ಐ3-7100 ಮತ್ತು ಐ3-8100 ಎರಡೂ ಮಾರುಕಟ್ಟೆಗೆ ಬಂದದ್ದು 2017ರಲ್ಲೇ. ಮೊದಲನೆಯದು ಏಳನೇ ತಲೆಮಾರು, ಹೊರಗೆ. ಎರಡನೆಯದು ಎಂಟನೆಯದು, ಒಳಗೆ. ಬೆರಳೆಣಿಕೆಯ ಅಪವಾದ ಬಿಟ್ಟರೆ ಗೆರೆ ಎಳೆದಿರುವುದು ಅಲ್ಲೇ. 4 ಜಿಬಿ ರ‍್ಯಾಮ್ ಸಾಕು ಎಂದು ಅರ್ಹತೆಯ ಪಟ್ಟಿಯಲ್ಲಿದೆ. ಅದನ್ನು ನಂಬಬೇಡಿ, 8 ಇರಲಿ. ಡಿಸ್ಕ್ ತಿರುಗುವ ಜಾತಿಯದಾದರೆ ಮೊದಲು ಎಸ್ಎಸ್‌ಡಿ ಹಾಕಿಸಿ, ವಿಂಡೋಸ್ ವಿಚಾರ ಆಮೇಲೆ.

ಪ್ರೊಸೆಸರ್ ಪಾಸಾದರೂ ಟಿಪಿಎಂ 2.0 ಎಂಬ ಭದ್ರತೆಯ ಭಾಗ ಇಲ್ಲ ಎಂಬ ದೂರು ಬರುತ್ತದೆ. ಎಂಟನೇ ತಲೆಮಾರಿನ ಯಂತ್ರದಲ್ಲಿ ಅದು ಸಾಮಾನ್ಯವಾಗಿ ಇರುತ್ತದೆ, ಆದರೆ ಮಲಗಿರುತ್ತದೆ. ವಿಂಡೋಸ್ ಕೀಲಿಯೊಂದಿಗೆ ಆರ್ ಒತ್ತಿ ‘ಟಿಪಿಎಂ ಡಾಟ್ ಎಂಎಸ್‌ಸಿ’ ಎಂದು ಟೈಪಿಸಿದರೆ ಸ್ಥಿತಿ ಗೊತ್ತಾಗುತ್ತದೆ. ಅದನ್ನು ಎಬ್ಬಿಸಲು ಬಯಾಸ್‌ಗೆ (ವಿಂಡೋಸ್‌ಗೂ ಮೊದಲು ಓಡುವ, ಮದರ್‌ಬೋರ್ಡಿನಲ್ಲೇ ಇರುವ ತಂತ್ರಾಂಶ) ಹೋಗಿ ಇಂಟೆಲ್ ಬೋರ್ಡಿನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬುದನ್ನು ಚಾಲೂ ಮಾಡಬೇಕು. ಟಿಪಿಎಂನ ಕೆಲಸ ಸಾಕ್ಷಿಯದು. ಸ್ವಿಚ್ ಒತ್ತಿದ ಕ್ಷಣದಿಂದ ಒಂದು ತಂತ್ರಾಂಶ ಇನ್ನೊಂದಕ್ಕೆ ಕೆಲಸ ಒಪ್ಪಿಸುವ ಮುನ್ನ ಅದರ ಬೆರಳಚ್ಚು ತೆಗೆದು ಟಿಪಿಎಂನಲ್ಲಿ ಬರೆಸುತ್ತದೆ. ಬೆರಳಚ್ಚುಗಳು ನಿನ್ನೆಯಂತೆಯೇ ಇದ್ದರೆ ಮಾತ್ರ ಬಿಟ್‌ಲಾಕರ್ ಎಂಬ ವಿಂಡೋಸಿನ ಬೀಗ ಹಾಕಿದ ಡಿಸ್ಕಿನ ಕೀಲಿ ಹೊರಬರುತ್ತದೆ. ಬಯಾಸ್‌ನಲ್ಲಿ ಕೈಯಾಡಿಸಿದ ಮರುಕ್ಷಣ ಕಂಪ್ಯೂಟರು 48 ಅಂಕಿಯ ಮರುಪಡೆ ಕೀಲಿ ಕೇಳಿ ಗಾಬರಿ ಹುಟ್ಟಿಸುವುದು ಇದೇ ಕಾರಣಕ್ಕೆ. ಬಿಟ್‌ಲಾಕರ್ ಇದ್ದರೆ ಮೊದಲು ತಾತ್ಕಾಲಿಕವಾಗಿ ತಡೆಹಿಡಿಯಿರಿ, ಕೀಲಿಯನ್ನು ಕಾಗದದಲ್ಲೂ ಬರೆದಿಡಿ.

ನಿಜವಾದ ತೊಡಕು ಸೆಕ್ಯೂರ್ ಬೂಟ್‌ನಲ್ಲಿದೆ, ಅಂದರೆ ನಂಬಿಕೆಯ ಸಹಿ ಇರುವ ತಂತ್ರಾಂಶವನ್ನು ಮಾತ್ರ ಏಳಲು ಬಿಡುವ ವ್ಯವಸ್ಥೆಯಲ್ಲಿ. ಅದು ಚಾಲೂ ಇರಲೇಬೇಕೆಂದಿಲ್ಲ, ಚಾಲೂ ಮಾಡಲು ಸಾಧ್ಯವಾಗಬೇಕು. ಅದಕ್ಕೆ ಯಂತ್ರ ಯುಇಎಫ್ಐ ಎಂಬ ಹೊಸ ವಿಧಾನದಲ್ಲಿ ಏಳಬೇಕು. ಜೋಡಿಸಿಕೊಟ್ಟ ಎಷ್ಟೋ ಯಂತ್ರಗಳು ಹಳೆಯ ‘ಲೆಗಸಿ’ ವಿಧಾನದಲ್ಲೇ ಏಳುತ್ತಿವೆ, ಯಾವ ವಿಭಾಗ ಎಲ್ಲಿದೆ ಎಂದು ಹೇಳುವ ಡಿಸ್ಕಿನ ನಕ್ಷೆ ಎಂಬಿಆರ್ ಎಂಬ ಹಳೇ ಪದ್ಧತಿಯಲ್ಲಿದೆ. ಡಿಸ್ಕಿನ ಮೊದಲ 512 ಬೈಟಿನಲ್ಲಿ ಬರೀ 64 ಬೈಟು ಈ ನಕ್ಷೆಗೆ ಮೀಸಲು. ಒಂದು ವಿಭಾಗಕ್ಕೆ 16 ಬೈಟು, ಹಾಗಾಗಿ ನಾಲ್ಕೇ ವಿಭಾಗ. ಅದು ಕೆಟ್ಟರೆ ಬೇರೆ ಪ್ರತಿ ಇಲ್ಲ. ಹೊಸ ಜಿಪಿಟಿ ಪದ್ಧತಿ 128 ವಿಭಾಗಕ್ಕೆ ಜಾಗ ಇಟ್ಟು, ಡಿಸ್ಕಿನ ಕೊನೆಯಲ್ಲಿ ಇನ್ನೊಂದು ಪ್ರತಿಯನ್ನೂ ಇಡುತ್ತದೆ.

ಒಂದರಿಂದ ಇನ್ನೊಂದಕ್ಕೆ ದಾಟಿಸುವ ಸಾಧನ ವಿಂಡೋಸ್ 10ರಲ್ಲೇ ಇದೆ, ‘ಎಂಬಿಆರ್‌2ಜಿಪಿಟಿ’. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು ‘ವ್ಯಾಲಿಡೇಟ್’ (ಪರಿಶೀಲನೆ), ಒಪ್ಪಿದರೆ ‘ಕನ್ವರ್ಟ್’ (ಪರಿವರ್ತನೆ). ವಿಂಡೋಸ್ ಒಳಗಿನಿಂದಲೇ ಓಡಿಸುವುದಾದರೆ ಎರಡಕ್ಕೂ ‘ಅಲೌಫುಲ್‌ಓಎಸ್’ ಸೇರಿಸಬೇಕು. ನಮ್ಮ ಕಡೆ ಇದು ವ್ಯಾಲಿಡೇಟ್‌ನಲ್ಲೇ ಮುಗ್ಗರಿಸುವುದಕ್ಕೆ ಸಿ, ಡಿ, ಇ ಎಂದು ಡಿಸ್ಕನ್ನು ತುಂಡು ಮಾಡಿಕೊಡುವ ರೂಢಿಯೇ ಕಾರಣ. ವಿಂಡೋಸ್ ತನಗೆಂದು ಬಚ್ಚಿಟ್ಟುಕೊಂಡ ಸಣ್ಣ ವಿಭಾಗ ಸೇರಿದರೆ ನಾಲ್ಕಾಯಿತು. ಈ ಸಾಧನ ಮೂರಕ್ಕಿಂತ ಹೆಚ್ಚು ಒಪ್ಪುವುದಿಲ್ಲ, ಒಳಗೆ ಬೇರೆ ವಿಭಾಗಗಳನ್ನು ಹೊತ್ತ ಎಕ್ಸ್‌ಟೆಂಡೆಡ್ ವಿಭಾಗವನ್ನಂತೂ ಮುಟ್ಟುವುದೇ ಇಲ್ಲ. ಇ ಡ್ರೈವಿನ ಮದುವೆ ಫೋಟೋಗಳನ್ನೆಲ್ಲ ಹೊರಗಿನ ಡಿಸ್ಕಿಗೆ ಸಾಗಿಸಿ, ಆ ವಿಭಾಗ ಅಳಿಸಿ, ಮತ್ತೆ ಓಡಿಸಿ.

ಪರಿವರ್ತನೆಯಾದ ಮೇಲೆಯೇ ಬಯಾಸ್‌ನಲ್ಲಿ ಲೆಗಸಿ ವಿಧಾನಕ್ಕೆ ಅವಕಾಶ ಕೊಡುವ ಸಿಎಸ್ಎಂ ಬಂದ್ ಮಾಡಬೇಕು. ಹಿಂದುಮುಂದಾದರೆ ‘ಬೂಟ್ ಆಗುವ ಸಾಧನ ಇಲ್ಲ’ ಎಂದು ಕಪ್ಪು ಪರದೆ ಬರುತ್ತದೆ. ಡೇಟಾ ಹೋಗಿರುವುದಿಲ್ಲ, ಸಿಎಸ್ಎಂ ಮತ್ತೆ ಹಾಕಿದರೆ ಏಳುತ್ತದೆ.

ನಕ್ಷೆ ಬರೆಯುವ ಆ ಹೊತ್ತಿನಲ್ಲಿ ಕರೆಂಟು ಹೋಗಬಾರದು. ಜೋಗಿಮಟ್ಟಿಯ ಗುಡ್ಡದ ಮೇಲೆ ಗಾಳಿಯಂತ್ರಗಳು ಎಷ್ಟೇ ತಿರುಗಲಿ, ಚಿತ್ರದುರ್ಗದಲ್ಲಿ ಬೇಸಿಗೆಯ ಮಧ್ಯಾಹ್ನ ನಂಬುವ ಹಾಗಿಲ್ಲ. ಯುಪಿಎಸ್ ಇದೆಯಲ್ಲ ಅಂದುಕೊಳ್ಳುವ ಮುನ್ನ ಗೋಡೆಯ ಸ್ವಿಚ್ ಆರಿಸಿ ನೋಡಿ. ಅದರೊಳಗಿನ 12 ವೋಲ್ಟಿನ ಬ್ಯಾಟರಿ ಮೂರು ವರ್ಷ ಬಿಸಿಲು ಕಂಡಿದ್ದರೆ ಎರಡು ನಿಮಿಷವೂ ತಡೆಯದಿರಬಹುದು.

ಇನ್ನೊಂದು ಬ್ಯಾಟರಿ ಮದರ್‌ಬೋರ್ಡಿನಲ್ಲಿದೆ. ಸಿಆರ್2032 ಎಂಬ ರೂಪಾಯಿ ಬಿಲ್ಲೆಯಂಥ ಸೆಲ್ಲು, 3 ವೋಲ್ಟು. ಅದು ಸತ್ತರೆ ಬಯಾಸ್ ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಮರಳುತ್ತದೆ. ಕೆಲವು ಬೋರ್ಡುಗಳಲ್ಲಿ ಹಾಗೆಂದರೆ ಸಿಎಸ್ಎಂ ಚಾಲೂ, ಪಿಟಿಟಿ ಬಂದ್. ಅಪ್‌ಗ್ರೇಡ್ ಆಗಿ ತಿಂಗಳ ಮೇಲೆ ಒಂದು ಬೆಳಿಗ್ಗೆ ಯಂತ್ರ ಏಳದೆ ಹೋದರೆ ಹೊಸ ವಿಂಡೋಸನ್ನು ಬೈಯುವ ಮುಂಚೆ ಈ ಸೆಲ್ಲನ್ನು ನೋಡಿ. ಮುನ್ಸೂಚನೆಯೂ ಇರುತ್ತದೆ: ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಜಿಗಿದಿರುತ್ತದೆ, ದಿನಾಂಕ ಹೊಂದದೆ ಬ್ರೌಸರ್ ಪ್ರತಿ ತಾಣವನ್ನೂ ‘ಸುರಕ್ಷಿತವಲ್ಲ’ ಎನ್ನುತ್ತದೆ. ಪ್ಲಗ್ ಕಿತ್ತು, ಕ್ಯಾಬಿನೆಟ್ ಬಿಚ್ಚಿದಾಗ ಫ್ಯಾನಿನ ಧೂಳನ್ನೂ ಬ್ರಷ್‌ನಲ್ಲಿ ತೆಗೆಯಿರಿ. ಮಂಡಕ್ಕಿ ಭಟ್ಟಿಯ ಅಕ್ಕಪಕ್ಕದ ಮನೆಯಾದರೆ ಮಸಿಯೂ ಕೂತಿರುತ್ತದೆ.

ಇರುವ ವಿಂಡೋಸ್ ಮೇಲೆಯೇ ಹಾಕಿಕೊಂಡರೆ ಕಡತಗಳು, ಫಾಂಟುಗಳು ಉಳಿಯುತ್ತವೆ. ಒಗ್ಗದಿದ್ದರೆ 10 ದಿನದೊಳಗೆ ಹಿಂದಿನದಕ್ಕೆ ಮರಳಬಹುದು. ಏಳನೇ ತಲೆಮಾರಿನವರು ಅಡ್ಡದಾರಿಯಲ್ಲಿ ವಿಂಡೋಸ್ 11 ತುರುಕುವ ಬದಲು ವಿಂಡೋಸಿನ ಜಾಗದಲ್ಲಿ ಹಾಕಿಕೊಳ್ಳಬಹುದಾದ ಲಿನಕ್ಸ್ ಮಿಂಟ್ ನೋಡುವುದು ಒಳ್ಳೆಯದು. ಪೆನ್‌ಡ್ರೈವಿನಿಂದಲೇ ಓಡಿಸಿ, ಪ್ರಿಂಟರ್ ಹಿಡಿಯುತ್ತದೋ ಇಲ್ಲವೋ ಪರೀಕ್ಷಿಸಿ ಆಮೇಲೆ ಹಾಕಿಕೊಳ್ಳಬಹುದು. ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಕೈ ಪಳಗಿದವರಿಗೆ ಬೇಕಾದ ಕಗಪ ಕೀಲಿಮಣೆಯೂ ಅದರಲ್ಲಿದೆ.

ಆದರೆ ಫಾರ್ಮ್ಯಾಟ್ ಮಾಡುವವರಿಗೆ ಒಂದು ಹೊಂಡವಿದೆ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯುನಿಕೋಡ್‌ಗಿಂತ ಹಿಂದಿನ ನುಡಿ ಕಡತದೊಳಗೆ ನಿಜಕ್ಕೂ ಇರುವುದು ಕನ್ನಡವಲ್ಲ, ಕನ್ನಡದ ವೇಷ ಹಾಕಿದ ರೋಮನ್ ಗುರುತುಗಳು. ಫಾಂಟು ಇಲ್ಲದ ಯಂತ್ರದಲ್ಲಿ ವೇಷ ಕಳಚುತ್ತದೆ. ‘ಕನ್ನಡ’ ಎಂಬ ಪದದ ನಕಾರದ ಜಾಗದಲ್ಲಿ ಪೌಂಡಿನ ಗುರುತು ಕೂತಿರುತ್ತದೆ. ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ನುಡಿ ಹೆಸರಿನವನ್ನೆಲ್ಲ ಪೆನ್‌ಡ್ರೈವಿಗೆ ಎತ್ತಿಕೊಳ್ಳಿ. ನುಡಿಯೇ ಇಲ್ಲದ ಬೇರೊಂದು ಕಂಪ್ಯೂಟರಿಗೆ ಅವನ್ನು ಹಾಕಿ, ಹಳೆಯದೊಂದು ಪತ್ರ ತೆರೆದು ನೋಡಿ. ಒತ್ತಕ್ಷರ ಸಮೇತ ಸರಿಯಾಗಿ ಮೂಡಿತೆಂದರೆ ಫಾರ್ಮ್ಯಾಟ್ ಒತ್ತಬಹುದು.