ಸದ್ದು ಬರುವ ತನಕ ಆಕ್ಸಲ್ ಬೂಟ್ ಬದಲಿಸದೆ ಕಾಯಬಹುದೇ?

ಪ್ರಶ್ನೆ: ದಾವಣಗೆರೆಯಿಂದ ಹೊಳಲ್ಕೆರೆ ಬಳಿಯ ತೋಟಕ್ಕೆ ಆಗಾಗ ಕಾರಿನಲ್ಲಿ ಹೋಗಿಬರುತ್ತೇವೆ. ಈಚೆಗೆ ಸರ್ವಿಸ್‌ಗೆ ಬಿಟ್ಟಾಗ ಎಡಗಡೆಯ ಆಕ್ಸಲ್ ಬೂಟ್ (ಚಕ್ರ ತಿರುಗಿಸುವ ಶಾಫ್ಟಿನ ಜಾಯಿಂಟಿಗೆ ತೊಡಿಸಿರುವ ರಬ್ಬರ್ ಕವಚ) ಬಿರುಕು ಬಿಟ್ಟಿದೆ, ಬದಲಿಸಿ ಎಂದರು. ಗಾಡಿಯಲ್ಲಿ ಯಾವ ಸದ್ದೂ ಇಲ್ಲ. ಸದ್ದು ಬಂದ ಮೇಲೆ ಬದಲಿಸಿದರೆ ಸಾಲದೇ?

ಉತ್ತರ: ಸಾಲದು. ಸದ್ದು ಕೇಳಿಸುವ ಹೊತ್ತಿಗೆ ಬೂಟಿನೊಳಗಿನ ಜಾಯಿಂಟೇ ಸವೆದಿರುತ್ತದೆ. ಆಮೇಲೆ ಹಾಕಿಸುವ ಹೊಸ ಬೂಟ್ ದಂಡ.

ಮುಂದಿನ ಚಕ್ರಗಳಿಂದ ಓಡುವ ಕಾರಿನಲ್ಲಿ ಗೇರ್‌ಬಾಕ್ಸಿನಿಂದ ಎರಡೂ ಚಕ್ರಗಳಿಗೆ ಒಂದೊಂದು ಡ್ರೈವ್ ಶಾಫ್ಟ್ ಇದ್ದು, ಪ್ರತಿಯೊಂದರ ಎರಡೂ ತುದಿಗಳಲ್ಲಿ ಜಾಯಿಂಟ್ ಇರುತ್ತದೆ. ಚಕ್ರದ ಕಡೆಯ ಜಾಯಿಂಟಿನಲ್ಲಿ ಸಾಮಾನ್ಯವಾಗಿ ಆರು ಉಕ್ಕಿನ ಗುಂಡುಗಳಿರುತ್ತವೆ. ಸ್ಟೇರಿಂಗನ್ನು ಪೂರ್ತಿ ತಿರುಗಿಸಿದಾಗಲೂ ಅವು ಚಕ್ರಕ್ಕೆ ಒಂದೇ ಸಮನಾದ ವೇಗವನ್ನು ದಾಟಿಸಬೇಕು. ಈ ಗುಂಡುಗಳಿಗೆ ಬೇಕಾದ ಗ್ರೀಸನ್ನು ಒಳಗೆ ಹಿಡಿದಿಟ್ಟು ಧೂಳು, ನೀರನ್ನು ಹೊರಗೆ ತಡೆಯುವುದು ಮಡಿಕೆ ಮಡಿಕೆಯಾದ ಆ ಬೂಟ್ ಒಂದೇ. ಸಣ್ಣ ಕಾರೊಂದು ಗಂಟೆಗೆ 80 ಕಿ.ಮೀ. ವೇಗದಲ್ಲಿ ಸಾಗುವಾಗ ಶಾಫ್ಟ್ ನಿಮಿಷಕ್ಕೆ 700ಕ್ಕೂ ಹೆಚ್ಚು ಸುತ್ತು ಸುತ್ತುವುದರಿಂದ, ಬೂಟ್ ಹರಿದರೆ ಗ್ರೀಸ್ ಸೋರುತ್ತಾ ಕೂರುವುದಿಲ್ಲ, ಹೊರಕ್ಕೆ ಚಿಮ್ಮಿಹೋಗುತ್ತದೆ. ಉಳಿದಷ್ಟು ಗ್ರೀಸಿಗೆ ಹೊಳಲ್ಕೆರೆ ಕಡೆಯ ಕೆಂಧೂಳು ಬೆರೆತರೆ, ಅದು ಗುಂಡುಗಳನ್ನು ಅರೆಯುವ ಉಜ್ಜುಪುಡಿಯಾಗುತ್ತದೆ.

ಬೂಟ್ ಬದಲಿಸಲು ಇಂತಿಷ್ಟು ಕಿಲೋಮೀಟರ್ ಎಂಬ ಲೆಕ್ಕವನ್ನು ನಂಬಿಕೊಳ್ಳುವುದಕ್ಕಿಂತ ಪ್ರತಿ ಸರ್ವಿಸ್‌ನಲ್ಲೂ ಕಣ್ಣಿನಿಂದ ನೋಡುವುದು ಮೇಲು. ನಮ್ಮ ಎರೆಮಣ್ಣು ಒಣಗಿ ಅಂಟಿಕೊಂಡಿದ್ದರೆ ಬಿರುಕು ಕಾಣುವುದೇ ಇಲ್ಲವಾದ್ದರಿಂದ ಮೊದಲು ತೊಳೆಸಿ, ಸ್ಟೇರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ, ಮಡಿಕೆಗಳ ತಳವನ್ನು ಟಾರ್ಚ್ ಬೆಳಕಿನಲ್ಲಿ ನೋಡಿ. ಮೇಲ್ಮೈಯಲ್ಲಿ ಕೂದಲೆಳೆಯಂಥ ಗೆರೆಗಳಷ್ಟೇ ಇದ್ದು, ಬೆರಳಿನಿಂದ ಅಗಲಿಸಿದಾಗ ಅವು ಆಳಕ್ಕೆ ತೆರೆದುಕೊಳ್ಳದಿದ್ದರೆ ಮುಂದಿನ ಸರ್ವಿಸ್‌ವರೆಗೆ ಕಾಯಬಹುದು. ಬಿರುಕು ಮಡಿಕೆಯ ತಳದಲ್ಲಿ ಆಳವಾಗಿದ್ದರೆ ಅಥವಾ ರಬ್ಬರ್ ಗಡುಸಾಗಿದ್ದರೆ ಈಗಲೇ ಬದಲಿಸಿ. ರಿಮ್ಮಿನ ಒಳಬದಿಯಲ್ಲಿ ಕಪ್ಪು ಗ್ರೀಸ್ ಎರಚಿದಂತಿದ್ದರೆ ಬೂಟ್ ಆಗಲೇ ಹರಿದಿದೆ ಅಥವಾ ಅದನ್ನು ಬಿಗಿಹಿಡಿಯುವ ಪಟ್ಟಿ (ಕ್ಲಾಂಪ್) ಸಡಿಲಾಗಿದೆ. ಮಳೆಗಾಲದಲ್ಲಿ ಅಂಥ ಗಾಡಿಯನ್ನು ಕೆಸರಿಗೆ ಇಳಿಸಲೇಬಾರದು. ಅಂದಹಾಗೆ, ವಾಟರ್ ಸರ್ವಿಸ್ ಆದ ಮೇಲೆ ಗಾಡಿಯ ಅಡಿಗೆ ಡೀಸೆಲ್ ಸಿಂಪಡಿಸುವ ರೂಢಿ ಹಲವು ಕಡೆ ಇದೆ. ಅಡಿಭಾಗ ಹೊಳೆಯುತ್ತದೆ ನಿಜ, ಆದರೆ ಡೀಸೆಲ್ ರಬ್ಬರನ್ನು ಕೆಡಿಸುತ್ತದೆ, ಬೇಡವೆಂದು ಹೇಳಿಬಿಡಿ.

ಪೂರ್ತಿ ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಕಟಕಟ ಸದ್ದು ಬಂದರೆ ಚಕ್ರದ ಕಡೆಯ ಜಾಯಿಂಟ್ ಸವೆದಿದೆ ಎಂದು ತಿಳಿಯಬಹುದು. ನೇರ ರಸ್ತೆಯಲ್ಲಿ ವೇಗ ಹೆಚ್ಚಿಸುವಾಗ ನಡುಕ ಬಂದರೆ ಗೇರ್‌ಬಾಕ್ಸ್ ಕಡೆಯದರ ಮೇಲೆ ಅನುಮಾನ. ಆಗ ಜಾಯಿಂಟನ್ನೋ ಇಡೀ ಶಾಫ್ಟನ್ನೋ ಬದಲಿಸಬೇಕಾಗಿ ಬಂದು, ಖರ್ಚು ಬೂಟಿನದಕ್ಕಿಂತ ಹಲವು ಪಟ್ಟಾಗುತ್ತದೆ.

ಬೂಟಿನ ಕಿಟ್ ಅಗ್ಗ, ಶಾಫ್ಟ್ ಬಿಚ್ಚುವ ಕೂಲಿಯೇ ಹೆಚ್ಚು. ಆದ್ದರಿಂದ ಒಂದೇ ಶಾಫ್ಟಿನ ಎರಡು ಬೂಟ್‌ಗಳೂ ಹಳೆಯವಾಗಿದ್ದರೆ ಒಟ್ಟಿಗೇ ಹಾಕಿಸಿ. ಶಾಫ್ಟ್ ಬಿಚ್ಚದೆಯೇ ಸುತ್ತಿ ಅಂಟಿಸುವ, ಮೊದಲೇ ಸೀಳಿರುವ ಬಗೆಯ ಬೂಟ್ ದಾರಿಯಲ್ಲಿ ಸಿಕ್ಕಿಬಿದ್ದವರಿಗಷ್ಟೇ ಸರಿ. ಹಳೆಯ ಗ್ರೀಸನ್ನು ಪೂರ್ತಿ ತೆಗೆದು, ಗುಂಡುಗಳ ಮೇಲೆ ಕುಳಿ ಬಿದ್ದಿದೆಯೇ ಎಂದು ನೋಡಿ, ಕಿಟ್‌ನೊಂದಿಗೆ ಬಂದ ಗ್ರೀಸನ್ನೇ ತುಂಬಬೇಕು; ಸಾಮಾನ್ಯವಾಗಿ ಮಾಲಿಬ್ಡಿನಮ್ ಬೆರೆತ ಕಪ್ಪು ಗ್ರೀಸ್ ಇರಬೇಕಾದ ಆ ಜಾಗಕ್ಕೆ ಅಂಗಡಿಯ ಹಳದಿ ಗ್ರೀಸ್ ಒಗ್ಗುವುದಿಲ್ಲ. ಶಾಫ್ಟಿನ ತುದಿಯನ್ನು ಚಕ್ರದ ಕಡೆಗೆ ಬಿಗಿಯುವ ಹಬ್ ನಟ್ ಹೊಸದಿರಲಿ, ಅದನ್ನು ಟಾರ್ಕ್ ರೆಂಚಿನಿಂದ ತಯಾರಕರು ಹೇಳಿದ ಅಳತೆಗೇ ಬಿಗಿಯಲಿ. ಕೆಲವು ಗಾಡಿಗಳಲ್ಲಿ ಶಾಫ್ಟ್ ಹೊರಗೆಳೆದಾಗ ಗೇರ್ ಆಯಿಲ್ ಚೆಲ್ಲುವುದರಿಂದ, ಗಾಡಿ ವಾಪಸು ಪಡೆಯುವ ಮುನ್ನ ಅದರ ಮಟ್ಟವನ್ನು ನಿಮ್ಮೆದುರಿಗೇ ನೋಡಿಸಿಕೊಳ್ಳಿ.