ಹೋದದ್ದು ನಕ್ಷತ್ರ, ಬಂದದ್ದು ಚಪ್ಪಟೆ ಬಿಲ್ಲೆ: ಬೆಣ್ಣೆ ಕುಕೀಸ್ ಓವನ್‌ನಲ್ಲಿ ಹರಡುವುದು ಯಾಕೆ?

ಪ್ರಶ್ನೆ: ಕ್ರಿಸ್‌ಮಸ್‌ಗೆ ಪ್ರತಿ ವರ್ಷ ಚಕ್ಕೆ, ಲವಂಗ, ಒಣಶುಂಠಿ ಹಾಕಿ ಬೆಣ್ಣೆ ಕುಕೀಸ್ ಮಾಡುತ್ತೇನೆ. ರುಚಿ ಚೆನ್ನಾಗಿಯೇ ಇರುತ್ತದೆ. ಆದರೆ ನಕ್ಷತ್ರ, ಮರ, ಗಂಟೆ ಅಂತ ಎಷ್ಟು ಚೆಂದವಾಗಿ ಅಚ್ಚು ಒತ್ತಿದರೂ ಓವನ್‌ನಲ್ಲಿ ಹರಡಿಕೊಂಡು ಎಲ್ಲವೂ ಒಂದೇ ಥರ ಕಾಣುತ್ತವೆ. ಮೈದಾ ಜಾಸ್ತಿ ಹಾಕಿದರೆ ಸರಿಹೋಗುತ್ತದಾ?

ಉತ್ತರ: ಮೈದಾ ಜಾಸ್ತಿ ಹಾಕಬೇಡಿ. ಆಕಾರ ಉಳಿಯಬಹುದು, ಆದರೆ ಬಾಯಲ್ಲಿ ಕರಗಬೇಕಾದ ಕುಕಿ ಒಣ ಒಣ ಪುಡಿಯಾಗುತ್ತದೆ. ರುಚಿ ಚೆನ್ನಾಗಿದೆ ಅಂದರೆ ನಿಮ್ಮ ಅಳತೆ ಹೆಚ್ಚುಕಡಿಮೆ ಸರಿಯಾಗಿಯೇ ಇದೆ. ತಪ್ಪಿರುವುದು ಬಹುಶಃ ಬೆಣ್ಣೆಯಲ್ಲಿ. ಎಷ್ಟು ಹಾಕಿದಿರಿ ಅನ್ನುವುದಲ್ಲ, ಓವನ್‌ಗೆ ಹೋಗುವ ಹೊತ್ತಿಗೆ ಅದು ಎಷ್ಟು ತಣ್ಣಗಿತ್ತು ಅನ್ನುವುದು.

ಓವನ್‌ನ ಗಾಜಿನ ಬಾಗಿಲ ಮುಂದೆ ಒಂದು ಸಲ ಕುರ್ಚಿ ಹಾಕಿಕೊಂಡು ಕೂತು ನೋಡಿ. ಮೊದಲ ಒಂದೆರಡು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಕುಕಿಯ ಮೇಲ್ಮೈ ಸಣ್ಣಗೆ ಹೊಳೆಯಲು ಶುರುವಾಗುತ್ತದೆ. ಅದು ಕರಗುತ್ತಿರುವ ಬೆಣ್ಣೆ. ನಕ್ಷತ್ರದ ಐದು ಮೂಲೆಗಳು ಮೊದಲು ದುಂಡಗಾಗುತ್ತವೆ, ಆಮೇಲೆ ಬುಡ ಅಗಲವಾಗುತ್ತದೆ. ಇನ್ನೂ ಕೆಲವು ನಿಮಿಷ ಕಳೆದ ಮೇಲೆ ಹೊಳಪು ಮಾಯವಾಗಿ ಮೇಲ್ಮೈ ಮಂಕಾಗುತ್ತದೆ. ಅಲ್ಲಿಗೆ ಹರಡುವುದು ನಿಂತಿತು. ಆ ಹೊಳಪು ಬಂದು ಹೋಗುವ ನಡುವೆಯೇ ನಿಮ್ಮ ಕ್ರಿಸ್‌ಮಸ್ ಮರ ಹಾಳಾಗುವುದು.

ಬೆಣ್ಣೆ ಕರಗುವುದು ಸುಮಾರು 32ರಿಂದ 35 ಡಿಗ್ರಿ ಸೆಲ್ಸಿಯಸ್‌ಗೆ. ನಮ್ಮ ಮೈಯ ಬಿಸಿಗಿಂತ ಕಡಿಮೆ! ಹಾಗಾಗಿಯೇ ಅದು ನಾಲಿಗೆಯ ಮೇಲೆ ಕರಗುವುದು, ಅಂಗೈಯಲ್ಲೂ ಕರಗುವುದು. ಹಿಟ್ಟು ಗಟ್ಟಿಯಾಗಿ ನಿಲ್ಲಬೇಕಾದರೆ ಮೊಟ್ಟೆ ಬೆಂದು ಬಿಗಿಯಾಗಬೇಕು, ಒಳಗಿನ ನೀರು ಆವಿಯಾಗಬೇಕು. ಅದಕ್ಕೆಲ್ಲ ಇನ್ನೂ ತುಂಬಾ ಬಿಸಿ ಬೇಕು. ಅಂದರೆ ಬೆಣ್ಣೆ ಮೊದಲೇ ಕೈಬಿಡುತ್ತದೆ, ಹಿಡಿದುಕೊಳ್ಳಬೇಕಾದವರು ತಡವಾಗಿ ಬರುತ್ತಾರೆ. ಫ್ರಿಜ್‌ನಿಂದ ಆಗಷ್ಟೇ ತೆಗೆದ ಹಿಟ್ಟಾದರೆ ಬೆಣ್ಣೆ ನಿಧಾನವಾಗಿ ಕರಗುತ್ತದೆ, ಅಷ್ಟರಲ್ಲಿ ಹೊರಗಿನ ಪದರ ಸ್ವಲ್ಪ ಬೆಂದು ಗೋಡೆ ಕಟ್ಟಿಕೊಂಡಿರುತ್ತದೆ. ಅರ್ಧ ಗಂಟೆ ಕಟ್ಟೆಯ ಮೇಲೆ ಕೂತು ಮೆತ್ತಗಾದ ಹಿಟ್ಟಿಗೆ ಆ ಸಮಯ ಸಿಗುವುದಿಲ್ಲ.

ಇದು ನನಗೂ ಸುಮ್ನೆ ಗೊತ್ತಾಗಿದ್ದಲ್ಲ. ಒಂದು ವರ್ಷ ಅವಸರದಲ್ಲಿ ಬೆಣ್ಣೆಯನ್ನು ಮೈಕ್ರೋವೇವ್‌ನಲ್ಲಿ ಅರ್ಧ ಕರಗಿಸಿ, ಹಿಟ್ಟು ಕಲಸಿ, ನೇರ ಲಟ್ಟಿಸಿ 24 ನಕ್ಷತ್ರ ಕತ್ತರಿಸಿ ಇಟ್ಟಿದ್ದೆ. ಹನ್ನೆರಡು ನಿಮಿಷದ ನಂತರ ಟ್ರೇ ಎಳೆದರೆ ಅಲ್ಲಿದ್ದದ್ದು ಒಂದೇ ಕುಕಿ. ಟ್ರೇಯಷ್ಟೇ ದೊಡ್ಡದು.

ಹಾಗಾದರೆ ಬೆಣ್ಣೆ ಹೇಗಿರಬೇಕು? ಕಲಸುವಾಗ ಒಂದು ಥರ, ಬೇಯಲು ಹೋಗುವಾಗ ಇನ್ನೊಂದು ಥರ. ಕಲಸುವಾಗ 18ರಿಂದ 20 ಡಿಗ್ರಿ ಸಾಕು. ಬೆರಳಿಂದ ಒತ್ತಿದರೆ ಗುಳಿ ಬೀಳಬೇಕು, ಆದರೆ ಬೆರಳು ಜಿಡ್ಡಾಗಿ ಹೊಳೆಯಬಾರದು. ಬೆಣ್ಣೆಯ ತುಂಡನ್ನು ಬಗ್ಗಿಸಿದರೆ ಮುರಿಯದೆ ಬಾಗಬೇಕು. ಬಟ್ಟಲಿನ ತಳದಲ್ಲಿ ಎಣ್ಣೆಯಂತೆ ಹಳದಿ ತಿಳಿ ಕಾಣಿಸಿತೋ, ತಡವಾಯಿತು ಅಂತ ಅರ್ಥ. ಮತ್ತೆ ಫ್ರಿಜ್‌ಗಿಟ್ಟರೆ ಅದು ಗಟ್ಟಿಯೇನೋ ಆಗುತ್ತದೆ, ಆದರೆ ಮೊದಲಿನ ನಯ ಬರುವುದಿಲ್ಲ. ಆ ಬೆಣ್ಣೆಯನ್ನು ಬೇರೆ ಯಾವುದಕ್ಕಾದರೂ ಬಳಸಿ, ಕುಕೀಸ್‌ಗೆ ಹೊಸದು ತೆಗೆದುಕೊಳ್ಳಿ.

ಮನೆಯಲ್ಲೇ ಕಡೆದ ಬೆಣ್ಣೆಯಾದರೆ ಒಂದು ಮಾತು. ಅಂಗಡಿಯ ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 80 ಪಾಲು ಕೊಬ್ಬು, ಉಳಿದದ್ದರಲ್ಲಿ ಬಹುಪಾಲು ನೀರು. ಮನೆ ಬೆಣ್ಣೆಯಲ್ಲಿ ನೀರು ಇನ್ನೂ ಜಾಸ್ತಿ ಇರಬಹುದು. ತಣ್ಣಗಿರುವಾಗಲೇ ಬಟ್ಟೆಯಲ್ಲಿ ಒತ್ತಿ ನೀರು ತೆಗೆದು ಬಳಸಿ. ಇನ್ನು ಬ್ರೆಡ್‌ಗೆ ಸವರುವ ಡಬ್ಬಿಯ ಸ್ಪ್ರೆಡ್ ಇದೆಯಲ್ಲ, ಅದು ಇಲ್ಲಿ ಬೇಡವೇ ಬೇಡ.

ಅಳತೆಗೆ ನಾನು ನಂಬುವುದು ಒಂದೇ ಲೆಕ್ಕ. ಸಕ್ಕರೆ 100 ಗ್ರಾಂ, ಬೆಣ್ಣೆ 200 ಗ್ರಾಂ, ಮೈದಾ 300 ಗ್ರಾಂ, ಒಂದು ಮೊಟ್ಟೆ, ಚಿಟಿಕೆ ಉಪ್ಪು. ಜರ್ಮನಿಯಲ್ಲಿ ಇದನ್ನು 1-2-3 ಹಿಟ್ಟು ಅಂತಲೇ ಕರೆಯುತ್ತಾರೆ. ಪುಸ್ತಕ ತೆರೆಯುವ ಅಗತ್ಯವೇ ಇಲ್ಲ ಅಲ್ವಾ? ಮೊಟ್ಟೆ ಬೇಡದವರು ತಣ್ಣನೆ ಹಾಲನ್ನು ಚಮಚ ಚಮಚವಾಗಿ ಹಾಕುತ್ತಾ ಹೋಗಿ, ಹಿಟ್ಟು ಒಂದಾದ ಕೂಡಲೇ ನಿಲ್ಲಿಸಿ. ಎರಡು ದೊಡ್ಡ ಚಮಚದ ಆಸುಪಾಸಿನಲ್ಲಿ ಸಾಕಾಗುತ್ತದೆ. ಮೊಟ್ಟೆಯ ಬಿಗಿ ಇಲ್ಲದ ಕಾರಣ ಈ ಹಿಟ್ಟನ್ನು ಇನ್ನೂ ಚೆನ್ನಾಗಿ ತಣ್ಣಗೆ ಮಾಡಬೇಕು.

ಗ್ರಾಂ ಅಂತ ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಕಪ್ ಅಳತೆ ಮೋಸ ಮಾಡುತ್ತದೆ. ಚಮಚದಿಂದ ಹಗುರಾಗಿ ತುಂಬಿದರೆ ಒಂದು ಕಪ್ ಮೈದಾ ಸುಮಾರು 120 ಗ್ರಾಂ. ಅದೇ ಕಪ್ಪನ್ನು ಡಬ್ಬಿಗೆ ಅದ್ದಿ ಒತ್ತಿ ತೆಗೆದರೆ 150 ಗ್ರಾಂ ತೂಗಬಹುದು. ಎರಡೂವರೆ ಕಪ್ಪಿಗೆ 75 ಗ್ರಾಂ ವ್ಯತ್ಯಾಸ! ಒಂದು ವರ್ಷ ಕುಕಿ ಹರಡುತ್ತದೆ, ಮರುವರ್ಷ ಅದೇ ಅಳತೆಯಲ್ಲಿ ಕಲ್ಲಾಗುತ್ತದೆ ಅನ್ನುವವರ ಮನೆಯಲ್ಲಿ ನಡೆಯುವುದು ಇದೇ. ತಕ್ಕಡಿ ಇದ್ದರೆ ಈ ತಲೆನೋವೇ ಇಲ್ಲ.

ಸಕ್ಕರೆಯೂ ಸುಮ್ಮನೆ ಸಿಹಿ ಕೊಟ್ಟು ಕೂರುವುದಿಲ್ಲ. ಬಿಸಿಗೆ ಅದು ಹಿಟ್ಟಿನ ನೀರಿನಲ್ಲಿ ಕರಗಿ ಪಾಕವಾಗುತ್ತದೆ, ಪಾಕ ಹರಿಯುತ್ತದೆ. ಸಕ್ಕರೆ ಹೆಚ್ಚಾದಷ್ಟೂ ಕುಕಿ ಅಗಲ, ಗರಿಗರಿ. ಅಚ್ಚಿನ ಕುಕೀಸ್‌ಗೆ ಹರಳು ಸಕ್ಕರೆಗಿಂತ ಪುಡಿ ಸಕ್ಕರೆ ವಾಸಿ. ಬೇಕಿಂಗ್ ಪೌಡರ್, ಸೋಡಾ ಎರಡನ್ನೂ ಬಿಟ್ಟುಬಿಡಿ. ಉಬ್ಬಿದ್ದು ಆಮೇಲೆ ಇಳಿಯುತ್ತದೆ, ಇಳಿಯುವಾಗ ಪಕ್ಕಕ್ಕೆ ಜರುಗುತ್ತದೆ. ಬೆಣ್ಣೆ ಸಕ್ಕರೆಯನ್ನು ಕೇಕಿಗೆ ಮಾಡುವ ಹಾಗೆ ಬೆಳ್ಳಗೆ ಹಗುರಾಗುವ ತನಕ ಬೀಟ್ ಮಾಡುವುದೂ ಬೇಡ. ಅಷ್ಟು ಗಾಳಿ ಇಲ್ಲಿ ನಮಗೆ ಬೇಕಿಲ್ಲ. ಒಂದೆರಡು ನಿಮಿಷ, ಎರಡೂ ಬೆರೆತರೆ ಸಾಕು.

ಮಸಾಲೆಯನ್ನು ಬಹಳ ಜನ ಮೈದಾ ಜೊತೆ ಜರಡಿ ಹಿಡಿಯುತ್ತಾರೆ. ನಾನು ಬೆಣ್ಣೆಗೇ ಹಾಕುತ್ತೇನೆ. ಚಕ್ಕೆ, ಲವಂಗದ ಪರಿಮಳದ ಎಣ್ಣೆಗಳು ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಬೆರೆಯುತ್ತವೆ. ಮೇಲಿನ ಅಳತೆಗೆ ಎರಡು ಟೀ ಚಮಚ ಚಕ್ಕೆ ಪುಡಿ, ಒಂದು ಟೀ ಚಮಚ ಒಣಶುಂಠಿ ಪುಡಿ, ಅರ್ಧ ಟೀ ಚಮಚ ಆಗಷ್ಟೇ ತುರಿದ ಜಾಯಿಕಾಯಿ, ಕಾಲು ಟೀ ಚಮಚ ಏಲಕ್ಕಿ, ಕಾಲು ಟೀ ಚಮಚ ಲವಂಗ. ಲವಂಗದ ವಿಷಯದಲ್ಲಿ ಮಾತ್ರ ಧಾರಾಳತನ ಬೇಡ. ಅದರಲ್ಲಿರುವ ಯೂಜಿನಾಲ್ ಅನ್ನುವ ಪರಿಮಳದ ಅಂಶ ನಾಲಿಗೆಯನ್ನು ಸಣ್ಣಗೆ ಮರಗಟ್ಟಿಸುತ್ತದೆ. ಚೂರು ಹೆಚ್ಚಾದರೂ ಕುಕಿ ತಿಂದವರಿಗೆ ಹಲ್ಲಿನ ಡಾಕ್ಟರ ಕುರ್ಚಿ ನೆನಪಾಗುತ್ತದೆ. ಬಿಳಿ ಮೆಣಸು ಇದ್ದರೆ ಒಂದು ಚಿಟಿಕೆ ಹಾಕಿ ನೋಡಿ. ಗಂಟಲಲ್ಲಿ ಕೊನೆಗೆ ಒಂದು ಬೆಚ್ಚನೆ ಎಳೆ ಉಳಿಯುತ್ತದೆ.

ನೆದರ್‌ಲ್ಯಾಂಡ್ಸ್, ಬೆಲ್ಜಿಯಂ ಕಡೆ ಸ್ಪೆಕ್ಯುಲಾಸ್ ಅನ್ನುವ ಮಸಾಲೆ ಬಿಸ್ಕತ್ತು ಇದೆ. ಡಿಸೆಂಬರ್ ಮೊದಲ ವಾರದ ಸೇಂಟ್ ನಿಕೋಲಾಸ್ ಹಬ್ಬಕ್ಕೆ ಮಾಡುತ್ತಾರೆ. ಹೆಚ್ಚುಕಡಿಮೆ ಇವೇ ಮಸಾಲೆ. ಮರದ ಹಲಗೆಯಲ್ಲಿ ಸಂತನ ಚಿತ್ರವನ್ನೋ ಗಾಳಿಯಂತ್ರವನ್ನೋ ಕೆತ್ತಿ, ಅದರೊಳಗೆ ಹಿಟ್ಟು ಒತ್ತಿ ತೆಗೆಯುವುದು ಅವರ ಹಳೆಯ ಕ್ರಮ. ಬೆಂದ ಮೇಲೂ ಚಿತ್ರ ಉಳಿಯಬೇಕು ತಾನೇ? ನಕ್ಷತ್ರದ ಮೂಲೆ ದುಂಡಗಾದರೆ ನಮಗೆ ಬೇಜಾರು. ಅವರಿಗೆ ಸಂತನ ಮುಖವೇ ಅಳಿಸಿಹೋಗುತ್ತದೆ.

ಈಗ ನಿಜವಾದ ಕೆಲಸ, ತಣ್ಣಗೆ ಮಾಡುವುದು. ಎಲ್ಲರೂ ಹೇಳುವುದು ಹಿಟ್ಟನ್ನು ಉಂಡೆ ಮಾಡಿ ಎರಡು ಗಂಟೆ ಫ್ರಿಜ್‌ನಲ್ಲಿಡಿ ಅಂತ. ನಾನು ಹಾಗೆ ಮಾಡುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಗಟ್ಟಿಯಾದ ಉಂಡೆ ಲಟ್ಟಣಿಗೆಗೆ ಬಗ್ಗುವುದಿಲ್ಲ, ಅಂಚು ಸೀಳುತ್ತದೆ. ಮೆತ್ತಗಾಗಲಿ ಅಂತ ಕಾದರೆ ಮತ್ತೆ ಬಿಸಿ. ಅದರ ಬದಲು ಕಲಸಿದ ಕೂಡಲೇ, ಹಿಟ್ಟು ಇನ್ನೂ ಮೆತ್ತಗಿರುವಾಗಲೇ, ಎರಡು ಬೇಕಿಂಗ್ ಪೇಪರ್ ನಡುವೆ ಇಟ್ಟು 5 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ. ಪೇಪರ್ ಸಮೇತ ಹಾಗೇ ಚಪ್ಪಟೆಯಾಗಿ ಫ್ರಿಜ್‌ಗಿಡಿ. ತೆಳು ಹಾಳೆಯಾದ್ದರಿಂದ ಮುಕ್ಕಾಲು ಗಂಟೆಯಲ್ಲಿ ಗಟ್ಟಿಯಾಗುತ್ತದೆ, ಮೇಲೆ ಮೈದಾ ಉದುರಿಸುವ ಕೆಲಸವೂ ಇಲ್ಲ. ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು, ಮಸಾಲೆ ಹಿಟ್ಟಿನ ಒಳಗೆಲ್ಲ ಇಳಿಯುತ್ತದೆ.

ಅಚ್ಚು ಒತ್ತುವಾಗ ಹಾಳೆ ಸಣ್ಣಗೆ ಟಪ್ ಅನ್ನಬೇಕು. ಅಚ್ಚಿಗೆ ಹಿಟ್ಟು ಮೆತ್ತಿಕೊಂಡರೆ ಅದು ಆಗಲೇ ಬೆಚ್ಚಗಾಗಿದೆ, ಮತ್ತೆ ಹತ್ತು ನಿಮಿಷ ಒಳಗಿಡಿ. ಕತ್ತರಿಸಿದ ತುಂಡುಗಳನ್ನು ಟ್ರೇ ಮೇಲೆ ಜೋಡಿಸಿ, ಟ್ರೇಯನ್ನೇ ಹತ್ತು ಹದಿನೈದು ನಿಮಿಷ ಫ್ರೀಜರ್‌ಗೆ ಕಳಿಸಿ. ಫ್ರೀಜರ್‌ನಲ್ಲಿ ಟ್ರೇಗೆ ಜಾಗವಿಲ್ಲದಿದ್ದರೆ ತಟ್ಟೆಯ ಮೇಲಿಟ್ಟು ಕಳಿಸಿ, ಆಮೇಲೆ ಟ್ರೇಗೆ ದಾಟಿಸಿ. ಜನ ಬಿಟ್ಟುಬಿಡುವುದು ಇದನ್ನೇ. ಲಟ್ಟಿಸಿ, ಕತ್ತರಿಸಿ, ಎತ್ತಿ ಇಡುವಷ್ಟರಲ್ಲಿ ನಿಮ್ಮ ಕೈಯ ಬಿಸಿಯೆಲ್ಲ ಹಿಟ್ಟಿಗೆ ಇಳಿದಿರುತ್ತದೆ. ಮೊದಲು ಫ್ರಿಜ್‌ನಲ್ಲಿಟ್ಟಿದ್ದೆನಲ್ಲ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಟ್ರೇಗೆ ಬೆಣ್ಣೆ ಸವರಬೇಡಿ, ಜಿಡ್ಡಿನ ಮೇಲೆ ಕುಕಿ ಜಾರುತ್ತದೆ. ಬೇಕಿಂಗ್ ಪೇಪರ್ ಹಾಸಿದರೆ ಸಾಕು. ಎರಡನೇ ಸುತ್ತಿಗೆ ಮೊದಲಿನ ಬಿಸಿ ಟ್ರೇಯನ್ನೇ ಬಳಸಿದರೆ ಓವನ್ ತಲುಪುವ ಮೊದಲೇ ಬುಡ ಕರಗಿರುತ್ತದೆ. ಟ್ರೇಯ ಹಿಂಭಾಗಕ್ಕೆ ತಣ್ಣೀರು ಬಿಟ್ಟು ಒರೆಸಿ, ಪೂರ್ತಿ ತಣ್ಣಗಾಗಿದೆ ಅನ್ನುವುದನ್ನು ಮುಟ್ಟಿ ನೋಡಿ ಇಡಿ.

ಓವನ್ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಹರಡುತ್ತದೆ ಅಂತ ಹೆದರಿ ಉರಿ ಕಡಿಮೆ ಮಾಡುತ್ತಾರೆ. ಕಡಿಮೆ ಮಾಡಿದರೆ ಆ ಹೊಳಪಿನ ಹೊತ್ತು ಇನ್ನೂ ಉದ್ದವಾಗುತ್ತದೆ, ಕುಕಿ ಆರಾಮಾಗಿ ಹರಡುತ್ತದೆ. 175 ಡಿಗ್ರಿ ಇರಲಿ, ಫ್ಯಾನ್ ಓಡುವ ಓವನ್ ಆದರೆ 155 ಅಥವಾ 160. ಹದಿನೈದು ನಿಮಿಷವಾದರೂ ಮೊದಲೇ ಬಿಸಿ ಮಾಡಿ. ಓವನ್‌ನ ಗುಂಡಿ ತೋರಿಸುವುದಕ್ಕೂ ಒಳಗೆ ಇರುವುದಕ್ಕೂ ಎಷ್ಟೋ ಸಲ ತಾಳೆಯಾಗುವುದಿಲ್ಲ. ಒಳಗೆ ನೇತುಹಾಕುವ ಸಣ್ಣ ಥರ್ಮಾಮೀಟರ್ ಇದ್ದರೆ ಒಳ್ಳೆಯದು.

ಹತ್ತರಿಂದ ಹನ್ನೆರಡು ನಿಮಿಷಕ್ಕೆ ಅಂಚು ತಿಳಿ ಕಂದು ಆಗುತ್ತದೆ, ನಡುಭಾಗ ಇನ್ನೂ ಮೆತ್ತಗೆ ಕಾಣುತ್ತದೆ. ಆಗಲೇ ತೆಗೆಯಿರಿ, ಐದು ನಿಮಿಷ ಟ್ರೇ ಮೇಲೇ ಬಿಡಿ, ತಾನೇ ಗಟ್ಟಿಯಾಗುತ್ತದೆ. ಪೂರ್ತಿ ತಣಿದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿದರೆ ಎರಡು ವಾರ ಚೆನ್ನಾಗಿರುತ್ತವೆ. ಮಾಡಿದ ದಿನಕ್ಕಿಂತ ಮರುದಿನ ಮಸಾಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ, ಮರುದಿನದ ತನಕ ಉಳಿದರೆ.

ಇಷ್ಟೆಲ್ಲ ಓದಿದ ಮೇಲೂ ಅನುಮಾನ ಇದ್ದರೆ ಇಡೀ ಟ್ರೇ ಹಾಕಬೇಡಿ. ಎರಡೇ ಕುಕಿ ಮೊದಲು ಬೇಯಿಸಿ ನೋಡಿ. ಹರಡಿದರೆ ಉಳಿದದ್ದಕ್ಕೆ ಇನ್ನೊಂದು ಕಾಲು ಗಂಟೆ ಫ್ರೀಜರ್ ಕೊಡಿ. ಚೆನ್ನಾಗಿ ಗಡ್ಡೆಕಟ್ಟಿದ ಮೇಲೂ ಹರಡಿದರೆ ಮಾತ್ರ ಅಳತೆ ಕಡೆ ನೋಡಿ. ಆಗ ಮಿಕ್ಕ ಹಿಟ್ಟಿಗೆ ಒಂದೆರಡು ಚಮಚ ಮೈದಾ ಸೇರಿಸಿ ಮತ್ತೆ ಲಟ್ಟಿಸುವುದರಲ್ಲಿ ತಪ್ಪಿಲ್ಲ.

ಆಗಲೇ ಹರಡಿಹೋಗಿದೆಯಾ? ಓವನ್‌ನಿಂದ ತೆಗೆದ ಮೊದಲ ಒಂದು ನಿಮಿಷ ಕುಕಿ ಮೆತ್ತಗೇ ಇರುತ್ತದೆ. ಅದೇ ಅಚ್ಚನ್ನು ಅದರ ಮೇಲೆ ಸರಿಯಾಗಿ ಕೂರಿಸಿ ಇನ್ನೊಮ್ಮೆ ಒತ್ತಿಬಿಡಿ. ನಕ್ಷತ್ರ ವಾಪಸ್ ಬರುತ್ತದೆ, ಅಂಚು ಚೂರಿಯಲ್ಲಿ ಕತ್ತರಿಸಿದಷ್ಟು ಚೊಕ್ಕ. ತಡ ಮಾಡಿದರೆ ಪುಡಿಯಾಗುತ್ತದೆ, ಹಾಗಾಗಿ ಅಚ್ಚನ್ನು ಮೊದಲೇ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಸುತ್ತ ಉಳಿಯುವ ಗರಿಗರಿ ತುಣುಕುಗಳನ್ನು ಬಿಸಾಡಬೇಡಿ. ನಾನಂತೂ ಅವನ್ನು ಯಾರಿಗೂ ತೋರಿಸದೆ ಕಾಫಿ ಜೊತೆ ಮುಗಿಸುತ್ತೇನೆ.