ಕೂಡೋದಾ, ಕಳೆಯೋದಾ?

ಪ್ರಶ್ನೆ: ನನ್ನ ಮಗಳು ನಾಲ್ಕನೇ ಕ್ಲಾಸು. ಕೂಡುವುದು, ಕಳೆಯುವುದು, ಮಗ್ಗಿ ಎಲ್ಲ ಚೆನ್ನಾಗಿ ಬರುತ್ತದೆ. ಆದರೆ ವಾಕ್ಯರೂಪದ ಲೆಕ್ಕ ಕೊಟ್ಟರೆ ಸಾಕು, ‘ಇದು ಕೂಡೋದಾ, ಕಳೆಯೋದಾ?’ ಅಂತ ನನ್ನನ್ನೇ ಕೇಳುತ್ತಾಳೆ. ಹೇಗೆ ಹೇಳಿಕೊಡಲಿ?

ಉತ್ತರ: ಮೊದಲು, ಅವಳ ಆ ಪ್ರಶ್ನೆಗೆ ಉತ್ತರ ಕೊಡುವುದನ್ನು ನಿಲ್ಲಿಸಿ. ನೀವು ‘ಕಳಿ’ ಅಂದರೆ ಉಳಿಯುವುದು ಅವಳಿಗೆ ಬರುವ ಕೆಲಸವೇ. ಬಾರದ ಭಾಗವನ್ನು ನೀವು ಮಾಡಿಕೊಟ್ಟ ಹಾಗಾಯಿತು, ಅಲ್ವಾ?

ಇಂಥ ಮಕ್ಕಳು ಲೆಕ್ಕ ಓದುವುದಿಲ್ಲ, ಅದರಲ್ಲಿ ಪದ ಹುಡುಕುತ್ತಾರೆ. ‘ಒಟ್ಟು’, ‘ಜಾಸ್ತಿ’ ಕಂಡರೆ ಕೂಡು. ‘ಉಳಿದದ್ದು’, ‘ಕಡಿಮೆ’ ಕಂಡರೆ ಕಳೆ. ಈ ಉಪಾಯ ಹೇಳಿಕೊಟ್ಟವರು ಎಷ್ಟೋ ಸಲ ನಾವು ದೊಡ್ಡವರೇ. ನಾನೂ ಹೇಳಿಕೊಟ್ಟಿದ್ದೇನೆ. ಸ್ವಲ್ಪ ದಿನ ನಡೆಯುತ್ತದೆ, ಆಮೇಲೆ ಕೈಕೊಡುತ್ತದೆ. ಈ ಲೆಕ್ಕ ನೋಡಿ:

‘ರವಿ ಹತ್ತಿರ 12 ಪೆನ್ಸಿಲ್ ಇವೆ. ಅವು ಗೀತಾ ಹತ್ತಿರ ಇರುವುದಕ್ಕಿಂತ 5 ಜಾಸ್ತಿ. ಗೀತಾ ಹತ್ತಿರ ಎಷ್ಟಿವೆ?’

‘ಜಾಸ್ತಿ’ ಕಣ್ಣಿಗೆ ಬಿತ್ತು, 12ಕ್ಕೆ 5 ಸೇರಿತು, 17 ಬಂತು. ತಪ್ಪು.

ಹೀಗೆ ಮಾಡಿ. ಅಂಕಿಗಳ ಮೇಲೆ ಬೆರಳಿಟ್ಟು ಮುಚ್ಚಿ, ‘ಕಥೆ ಏನು ಹೇಳು’ ಅನ್ನಿ. ಅಂಕಿ ಕಾಣದಿದ್ದಾಗ ಕೂಡುವುದಕ್ಕೂ ಆಗುವುದಿಲ್ಲ, ಕಳೆಯುವುದಕ್ಕೂ ಆಗುವುದಿಲ್ಲ. ಓದಲೇಬೇಕು. ಆಮೇಲೆ ಒಂದೇ ಪ್ರಶ್ನೆ: ‘ಯಾರ ಹತ್ತಿರ ಜಾಸ್ತಿ ಇದೆ?’ ಕೇಳಿ ಸುಮ್ನೆ ಕೂತುಬಿಡಿ. ಕಷ್ಟ ಇರುವುದು ಇಲ್ಲೇ, ಅವಳಿಗಲ್ಲ, ನಮಗೆ. ಬಾಯಿ ತುದಿಗೇ ಉತ್ತರ ಬಂದಿರುತ್ತದೆ.

‘ರವಿ’ ಅಂದಳಾ? ಸ್ಕೇಲಿನ ಹಾಗೆ ಒಂದು ಉದ್ದನೆಯ ಪಟ್ಟಿಯ ಚಿತ್ರ ಬರೆಯಲಿ, ಅದು ರವಿಯದು. ಕೆಳಗೆ ಗಿಡ್ಡ ಪಟ್ಟಿ, ಗೀತಾಳದು. ಈಗ ಬೆರಳು ತೆಗೆಯಿರಿ. ಉದ್ದನೆಯ ಪಟ್ಟಿ ಪೂರ್ತಿ 12, ಅದರಲ್ಲಿ ಮುಂದಕ್ಕೆ ಚಾಚಿಕೊಂಡಿರುವ ತುಂಡು 5. ಗಿಡ್ಡ ಪಟ್ಟಿ 7 ಅಂತ ಚಿತ್ರ ನೋಡಿದರೇ ಗೊತ್ತಾಗುತ್ತದೆ. ಕೂಡೋದಾ ಕಳೆಯೋದಾ ಅನ್ನುವ ಮಾತೇ ಬರಲಿಲ್ಲ.

ಆದರೂ 17 ಅಂದರೆ, ಅದನ್ನೇ ಕಥೆಯೊಳಗೆ ಇಟ್ಟು ಕೇಳಿ: ‘ಗೀತಾಗೆ 17, ರವಿಗೆ 12. ಈಗ ಯಾರ ಹತ್ತಿರ ಜಾಸ್ತಿ?’ ತಪ್ಪು ಅವಳಿಗೇ ಕಾಣುತ್ತದೆ. ದೊಡ್ಡ ಸಂಖ್ಯೆ, ದಶಮಾಂಶ ಬಂದು ಗಾಬರಿಯಾದರೆ ಅದೇ ಕಥೆಗೆ 6, 2ರಂಥ ಪುಟ್ಟ ಸಂಖ್ಯೆ ಹಾಕಿ ಮೊದಲು ಮಾಡಿಸಿ.

ಇದು ನಿಮ್ಮ ಮನೆಯ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ. 1979ರ ಸುಮಾರಿಗೆ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಪ್ರೈಮರಿ ಮಕ್ಕಳಿಗೆ ಒಂದು ತಮಾಷೆಯ ಲೆಕ್ಕ ಕೊಟ್ಟಿದ್ದರು: ‘ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ. ಕ್ಯಾಪ್ಟನ್ ವಯಸ್ಸೆಷ್ಟು?’ ಹೆಚ್ಚಿನ ಮಕ್ಕಳು ಅದರಲ್ಲಿದ್ದ ಅಂಕಿಗಳನ್ನೇ ಹಿಡಿದು ಒಂದು ವಯಸ್ಸು ಹೇಳಿಬಿಟ್ಟರು! ನಿಮ್ಮ ಮಗಳಿಗೂ ಒಮ್ಮೆ ಕೇಳಿ ನೋಡಿ. 36 ಅಂದರೆ ಬೈಯಬೇಡಿ. ‘ಕ್ಯಾಪ್ಟನ್ ಬಗ್ಗೆ ಎಲ್ಲಿ ಬರೆದಿದೆ, ಬೆರಳಿಟ್ಟು ತೋರಿಸು’ ಅನ್ನಿ.